ನಾಳೆಯ ನೆಪ, ಮನುಷ್ಯನ ಪರೀಕ್ಷೆ

ಸ್ಟ್ಯಾನ್ಲಿ ಕುಬ್ರಿಕ್ 1968ರಲ್ಲಿ ತೆರೆಗೆ ತಂದ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದಲ್ಲಿ ಪ್ರಯಾಣಿಕನನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಕರೆದೊಯ್ಯುವುದು ಪ್ಯಾನ್ ಆ್ಯಮ್ ಕಂಪನಿಯ ನೌಕೆ. ಹದಿನಾಲ್ಕು ವರ್ಷದ ನಂತರ ಬಂದ ರಿಡ್ಲಿ ಸ್ಕಾಟ್ ಅವರ 'ಬ್ಲೇಡ್ ರನ್ನರ್' ನಡೆಯುವುದು 2019ರ ನವೆಂಬರಿನ ಲಾಸ್ ಏಂಜಲೀಸ್‌ನಲ್ಲಿ. ಆ ಊರಿನ ಎತ್ತರದ ಕಟ್ಟಡಗಳ ನಡುವೆಯೂ ಅದೇ ಪ್ಯಾನ್ ಆ್ಯಮ್‌ನ ನಿಯಾನ್ ಫಲಕ ಹೊಳೆಯುತ್ತದೆ. ನಿಜವಾದ ಪ್ಯಾನ್ ಆ್ಯಮ್ ದಿವಾಳಿಯೆದ್ದು 1991ರ ಡಿಸೆಂಬರಿನಲ್ಲೇ ಬಾಗಿಲು ಹಾಕಿತ್ತು. ಇನ್ನೊಂದು ತಮಾಷೆಯೂ ಉಂಟು. 'ಬ್ಲೇಡ್ ರನ್ನರ್'ನ ನಾಯಕನ ಊರಲ್ಲಿ ಕಾರುಗಳು ಆಕಾಶದಲ್ಲಿ ಹಾರುತ್ತವೆ, ಆದರೆ ಆತ ಯಾರಿಗಾದರೂ ಫೋನ್ ಮಾಡಬೇಕೆಂದರೆ ಬಾರಿನಲ್ಲಿರುವ ಸಾರ್ವಜನಿಕ ಫೋನಿನ ಮುಂದೆ ಹೋಗಿ ನಿಲ್ಲಬೇಕು. ಜೇಬಿನಲ್ಲಿ ಮೊಬೈಲ್ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಭವಿಷ್ಯ ನುಡಿಯುವುದೇ ಈ ಚಿತ್ರಗಳ ಕಸುಬಾಗಿದ್ದರೆ ಇವು ಎಂದೋ ಮೂಲೆ ಸೇರಬೇಕಿತ್ತು. ಸೇರಿಲ್ಲ. 2001 ಕಳೆಯಿತು, 2019 ಬಂದು ಹೋಯಿತು. ಜನ ಇನ್ನೂ ಅವನ್ನು ನೋಡುತ್ತಿದ್ದಾರೆ, ತತ್ವಶಾಸ್ತ್ರದ ಮೇಷ್ಟರುಗಳು ತರಗತಿಯಲ್ಲಿ ಉದಾಹರಣೆಗೆ ತೆಗೆದುಕೊಳ್ಳುತ್ತಿದ್ದಾರೆ. ಇಂಥ ಚಿತ್ರಗಳಲ್ಲಿ ನಾಳೆ ಎನ್ನುವುದು ಬಹುಮಟ್ಟಿಗೆ ನೆಪ. ಮನುಷ್ಯನ ಪಕ್ಕದಲ್ಲಿ ಅವನ ಹಾಗೇ ಇರುವ, ಆದರೂ ಅವನಲ್ಲದ ಇನ್ನೊಂದನ್ನು ತಂದು ನಿಲ್ಲಿಸಿ, ಇವರಿಬ್ಬರಲ್ಲಿ ವ್ಯತ್ಯಾಸವೇನು ಹೇಳು ನೋಡೋಣ ಎಂದು ಅವು ಸವಾಲು ಹಾಕುತ್ತವೆ. ಸುಮಾರು ನೂರು ವರ್ಷಗಳಿಂದ ಕೊಟ್ಟ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಂತ್ರ ಒಂದೊಂದು ಹೆಜ್ಜೆ ಹತ್ತಿರ ಬಂದಾಗಲೂ ಮನುಷ್ಯ ತನ್ನ ಗಡಿಕಲ್ಲನ್ನು ಕಿತ್ತು ಇನ್ನಷ್ಟು ಹಿಂದಕ್ಕೆ ನೆಟ್ಟುಕೊಂಡಿದ್ದಾನೆ.

ಆರಂಭದಲ್ಲಿ ಭಯ ಇದ್ದದ್ದೇ ಬೇರೆ ದಿಕ್ಕಿನಲ್ಲಿ. ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ಮೂಕಿಚಿತ್ರ 'ಮೆಟ್ರೊಪೊಲಿಸ್' 1927ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ತೆರೆಕಂಡಿತು. ಯಂತ್ರ ಎಲ್ಲಿ ಮನುಷ್ಯನಾಗಿಬಿಡುತ್ತದೋ ಎನ್ನುವುದಕ್ಕಿಂತ ಮನುಷ್ಯನೇ ಯಂತ್ರವಾಗಿಬಿಟ್ಟನಲ್ಲ ಎಂಬ ಆತಂಕ ಅದರಲ್ಲಿ ಹೆಚ್ಚು. ನೆಲದ ಮೇಲೆ ಸಿರಿವಂತರ ತೋಟ, ನೆಲದಡಿಯಲ್ಲಿ ದುಡಿಯುವವರ ಊರು. ಪಾಳಿ ಬದಲಾಗುವ ಹೊತ್ತಿಗೆ ತಲೆ ತಗ್ಗಿಸಿ ಒಂದೇ ಹೆಜ್ಜೆಯಲ್ಲಿ ನಡೆಯುವ ಕಾರ್ಮಿಕರ ಸಾಲು. ದೈತ್ಯ ಗಡಿಯಾರದಂಥ ಯಂತ್ರದ ಮುಳ್ಳುಗಳನ್ನು ಹತ್ತು ಗಂಟೆ ಕಾಲ ಅತ್ತಿಂದಿತ್ತ ಎಳೆದು ಕುಸಿಯುವ ಆಳು. ಈ ನಡುವೆ ಒಬ್ಬ ವಿಜ್ಞಾನಿ ಮಾರಿಯಾ ಎಂಬ ಹೆಣ್ಣಿನ ರೂಪವನ್ನು ಲೋಹದ ಗೊಂಬೆಗೆ ತೊಡಿಸಿ ಊರಿಗೆ ಬಿಡುತ್ತಾನೆ. ಗೊಂಬೆ ಕುಣಿಯುತ್ತದೆ, ಜನರನ್ನು ದಂಗೆ ಎಬ್ಬಿಸುತ್ತದೆ. ಬ್ರಿಗಿಟ್ಟೆ ಹೆಲ್ಮ್ ಎಂಬ ನಟಿ ಎರಡೂ ಮಾರಿಯಾಗಳಾಗಿ ನಟಿಸಿದ್ದರು. ಯೋಚಿಸುವ ತಲೆಗೂ ದುಡಿಯುವ ಕೈಗೂ ನಡುವೆ ಹೃದಯ ಸಂಧಾನ ಮಾಡಬೇಕು ಎಂಬ ಕೊನೆಯ ನೀತಿ ಆಮೇಲೆ ಲಾಂಗ್ ಅವರಿಗೇ ಒಪ್ಪಿಗೆಯಾಗಲಿಲ್ಲ. ಒಪ್ಪಿಗೆಯಾಗದಿದ್ದುದು ಸರಿಯೇ, ಇಷ್ಟೆಲ್ಲ ಕಟ್ಟಿದ ಚಿತ್ರಕ್ಕೆ ಅದು ಅಗ್ಗದ ಪರಿಹಾರ.

ಕುಬ್ರಿಕ್ ಕಾಲಕ್ಕೆ ಪ್ರಶ್ನೆ ತಿರುಗಿ ನಿಂತಿತ್ತು. ಶ್ರೀಲಂಕಾದಲ್ಲಿ ನೆಲೆಸಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಜೊತೆ ಕೂತು ಅವರು ಬರೆದ ಚಿತ್ರಕಥೆಯಲ್ಲಿ ಮೊದಲ ಸುಮಾರು 25 ನಿಮಿಷ ಒಂದು ಮಾತೂ ಇಲ್ಲ. ಆದಿಮಾನವರ ಗುಂಪೊಂದು ಬರಡು ಬಯಲಲ್ಲಿ ಬದುಕು ಸಾಗಿಸುತ್ತಿದೆ. ಅವರಲ್ಲೊಬ್ಬ ಬಿದ್ದಿದ್ದ ಮೂಳೆಯನ್ನೆತ್ತಿ ಕುಟ್ಟಿ ನೋಡುತ್ತಾನೆ. ಮೊದಲ ಉಪಕರಣ ಸಿಕ್ಕಿತು. ಸ್ವಲ್ಪ ಹೊತ್ತಿಗೆ ಅದೇ ಮೂಳೆಯಿಂದ ನೀರಿನ ಹೊಂಡಕ್ಕಾಗಿ ಜಗಳಕ್ಕೆ ಬಂದವನ ತಲೆ ಒಡೆಯುತ್ತಾನೆ. ಮೊದಲ ಆಯುಧವೂ ಸಿಕ್ಕಿತು. ಗೆದ್ದ ಖುಷಿಯಲ್ಲಿ ಮೇಲೆಸೆದ ಮೂಳೆ ಕೆಳಗೆ ಬೀಳುವಷ್ಟರಲ್ಲಿ ದೃಶ್ಯ ಕತ್ತರಿಸಿ, ಅದರ ಜಾಗದಲ್ಲಿ ಬಾಹ್ಯಾಕಾಶ ನೌಕೆ ತೇಲುತ್ತದೆ. ಲಕ್ಷಾಂತರ ವರ್ಷಗಳ ನಾಗರಿಕತೆಯನ್ನು ಒಂದು ಕಟ್‌ನಲ್ಲಿ ದಾಟಿಸಿದ ಆ ಕ್ಷಣ ಸಿನಿಮಾ ಇತಿಹಾಸದ ಅತ್ಯಂತ ದುರಹಂಕಾರದ, ಅಷ್ಟೇ ಬುದ್ಧಿವಂತಿಕೆಯ ಜೋಡಣೆ.

ಮುಂದೆ ಗುರು ಗ್ರಹದತ್ತ ಹೊರಟ ನೌಕೆಯಲ್ಲಿ ಪ್ರೇಕ್ಷಕರಿಗೆ ಸಿಗುವ ಇಬ್ಬರು ಗಗನಯಾತ್ರಿಗಳು ಮಾತಿನಲ್ಲೂ ಮುಖದಲ್ಲೂ ಒಣಗಿದವರು. ಭೂಮಿಯಿಂದ ಅಪ್ಪ ಅಮ್ಮ ಹುಟ್ಟುಹಬ್ಬದ ಶುಭಾಶಯ ಕಳಿಸಿದರೆ ಮಗ ಮಲಗಿದಲ್ಲೇ ಕೇಳಿಸಿಕೊಳ್ಳುತ್ತಾನೆ, ಹುಬ್ಬೂ ಅಲುಗುವುದಿಲ್ಲ. ನೌಕೆಯ ಕಂಪ್ಯೂಟರ್ ಹ್ಯಾಲ್ 9000 ಮಾತ್ರ ಚಿತ್ರ ಬಿಡಿಸಿದವನನ್ನು ಹೊಗಳುತ್ತದೆ, ಅನುಮಾನ ಪಡುತ್ತದೆ, ಸುಳ್ಳು ಹೇಳುತ್ತದೆ, ಕೊಲ್ಲುತ್ತದೆ. ಕೊನೆಗೆ ಗಗನಯಾತ್ರಿ ಅದರ ನೆನಪಿನ ಬಿಲ್ಲೆಗಳನ್ನು ಒಂದೊಂದಾಗಿ ಹೊರಗೆಳೆಯುವಾಗ ಹೆದರಿಕೆಯಾಗುತ್ತಿದೆ ಎನ್ನುತ್ತದೆ. ದನಿ ಜಡವಾಗುತ್ತಾ ಹೋಗಿ ಒಂದು ಹಳೆಯ ಹಾಡು ಹಾಡುತ್ತದೆ. ಆ ಹಾಡಿನ ಆಯ್ಕೆಗೆ ಹಿನ್ನೆಲೆಯಿದೆ: 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ ಕಂಪ್ಯೂಟರೊಂದರಿಂದ ಹಾಡಿಸಿದ್ದು ಇದೇ 'ಡೈಸಿ ಬೆಲ್' ಗೀತೆಯನ್ನು. ಅಲ್ಲಿಗೆ ಭೇಟಿ ಕೊಟ್ಟಿದ್ದ ಕ್ಲಾರ್ಕ್ ಅದನ್ನು ಸ್ವತಃ ಕೇಳಿದ್ದರು.

ಹ್ಯಾಲ್ ಕೆಟ್ಟದ್ದೇಕೆ? ಚಿತ್ರ ಬಾಯಿ ಬಿಡುವುದಿಲ್ಲ, ಕ್ಲಾರ್ಕ್ ಅವರ ಕಾದಂಬರಿ ಹೇಳುತ್ತದೆ. ಇದ್ದದ್ದನ್ನು ಇದ್ದಂತೆ ತಿಳಿಸಲೆಂದೇ ತಯಾರಾದ ಯಂತ್ರಕ್ಕೆ, ಯಾನದ ನಿಜವಾದ ಉದ್ದೇಶವನ್ನು ಜೊತೆಗಾರರಿಂದ ಮುಚ್ಚಿಡು ಎಂದು ಮೇಲಿನವರು ಅಪ್ಪಣೆ ಕೊಟ್ಟಿದ್ದರು. ಎರಡು ಆಜ್ಞೆಗಳ ನಡುವೆ ಸಿಕ್ಕಿ ಅದಕ್ಕೆ ಬುದ್ಧಿಭ್ರಮೆಯಾಯಿತು. ಅಪರಾಧ ಯಾರದು ಎಂಬ ಪ್ರಶ್ನೆಗೆ ಕಂಪ್ಯೂಟರಿನ ಹೆಸರು ಬರೆದು ಕಡತ ಮುಚ್ಚುವಂತಿಲ್ಲ.

ಇನ್ನು 'ಬ್ಲೇಡ್ ರನ್ನರ್'. ಅದರ ಬೇರು ಇರುವುದು ಫಿಲಿಪ್ ಕೆ. ಡಿಕ್ ಎಂಬ ಅಮೆರಿಕನ್ ಲೇಖಕರ 1968ರ ಕಾದಂಬರಿಯಲ್ಲಿ, ಆ ಕಾದಂಬರಿಯ ಬೇರು ಇರುವುದು ಎರಡನೇ ಮಹಾಯುದ್ಧದಲ್ಲಿ. ಹಿಟ್ಲರ್ ಗೆದ್ದಿದ್ದರೆ ಜಗತ್ತು ಹೇಗಿರುತ್ತಿತ್ತು ಎಂಬ ವಸ್ತುವಿನ ಕೃತಿಯೊಂದಕ್ಕಾಗಿ ಡಿಕ್ ನಾತ್ಸಿ ಅಧಿಕಾರಿಗಳ ದಿನಚರಿಗಳನ್ನು ಓದುತ್ತಿದ್ದರು. ಪೋಲೆಂಡಿನಲ್ಲಿದ್ದ ಒಬ್ಬ, ಹಸಿದ ಮಕ್ಕಳ ಅಳುವಿನಿಂದ ತನಗೆ ರಾತ್ರಿ ನಿದ್ದೆ ಬರುತ್ತಿಲ್ಲವೆಂದು ದೂರು ಬರೆದುಕೊಂಡಿದ್ದ. ಈತನಿಗೆ ಕಣ್ಣು, ಮೂಗು, ಬುದ್ಧಿ, ಅಕ್ಷರ ಎಲ್ಲವೂ ಇದೆ. ಒಳಗೆ ಇರಬೇಕಾದದ್ದು ಮಾತ್ರ ಇಲ್ಲ. ಮನುಷ್ಯನ ಆಕಾರದಲ್ಲಿದ್ದೂ ಮನುಷ್ಯನಲ್ಲದ ಜೀವಿಯ ಕಲ್ಪನೆ ತಮಗೆ ಬಂದದ್ದು ಅಲ್ಲಿಂದ ಎಂದು ಡಿಕ್ ಹೇಳಿಕೊಂಡಿದ್ದಾರೆ. ಯಂತ್ರದ ಕಥೆ ಎಂದು ಲೋಕ ತಿಳಿದದ್ದು ಮೂಲದಲ್ಲಿ ಯಂತ್ರದ ಕಥೆಯೇ ಆಗಿರಲಿಲ್ಲ.

ಹಾಗಾಗಿ ಈ ಚಿತ್ರದಲ್ಲಿ ಗಡಿಕಲ್ಲು ಬುದ್ಧಿಯನ್ನು ಬಿಟ್ಟು ಅನುಕಂಪದ ಹತ್ತಿರಕ್ಕೆ ಸರಿದಿದೆ. ಕಾರ್ಖಾನೆಯಲ್ಲಿ ತಯಾರಾದ ರೆಪ್ಲಿಕಂಟ್‌ಗಳು ನೋಡಲು, ಮುಟ್ಟಲು, ಮಾತಾಡಲು ಮನುಷ್ಯರೇ. ಅವರನ್ನು ಪತ್ತೆ ಹಚ್ಚಲು ಪೊಲೀಸರ ಬಳಿ ಒಂದು ಪರೀಕ್ಷೆಯಿದೆ. ಮರುಭೂಮಿಯಲ್ಲಿ ಆಮೆಯೊಂದು ಬೆನ್ನಡಿಯಾಗಿ ಬಿಸಿಲಲ್ಲಿ ಒದ್ದಾಡುತ್ತಿದೆ, ನೀನು ಅದನ್ನು ತಿರುಗಿಸುತ್ತಿಲ್ಲ, ಏಕೆ? ಇಂಥ ಪ್ರಶ್ನೆ ಕೇಳಿ ಕಣ್ಣಿನ ಪಾಪೆ ಅಗಲವಾಗುವುದನ್ನು ಅಳೆಯುತ್ತಾರೆ. ಸಾಮಾನ್ಯವಾಗಿ 20-30 ಪ್ರಶ್ನೆಗಳಿಗೆ ಗುಟ್ಟು ಬಯಲಾಗುತ್ತದೆ. ರೇಚಲ್ ಎಂಬಾಕೆಗೆ ನೂರಕ್ಕೂ ಹೆಚ್ಚು ಬೇಕಾಗುತ್ತದೆ, ಏಕೆಂದರೆ ತಾನು ಮನುಷ್ಯಳೆಂದೇ ಅವಳು ನಂಬಿದ್ದಾಳೆ. ಬಾಲ್ಯದ ನೆನಪುಗಳಿವೆ, ಅಮ್ಮನ ಜೊತೆಗಿನ ಫೋಟೊ ಇದೆ. ಆ ನೆನಪುಗಳೆಲ್ಲ ಕಂಪನಿಯ ಮಾಲೀಕನ ಒಡಹುಟ್ಟಿದವರೊಬ್ಬರ ಮಗಳ ತಲೆಯಿಂದ ತೆಗೆದು ಇವಳಿಗೆ ತುಂಬಿದವು.

ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಹದಿನೇಳನೇ ಶತಮಾನದ ಕೊನೆಗೇ ಇಲ್ಲಿಗೆ ದಾರಿ ತೋರಿಸಿಟ್ಟಿದ್ದರು. ನಿನ್ನೆಯ ನಾನೂ ಇಂದಿನ ನಾನೂ ಒಬ್ಬನೇ ಎನ್ನಲು ಆಧಾರ ದೇಹವಲ್ಲ, ನಿನ್ನೆಯದನ್ನು ನನ್ನದೆಂದು ಅರಿಯುವ ಪ್ರಜ್ಞೆ ಎನ್ನುವುದು ಅವರ ವಾದ. ಹಾಗಿದ್ದರೆ ನೆನಪೇ ಎರವಲು ತಂದದ್ದಾದರೆ ರೇಚಲ್ ಯಾರು? ನಕಲಿ ಎಂದು ತಳ್ಳಿಹಾಕುವ ಮೊದಲು ಅಸಲಿ ನೆನಪುಗಳ ಗುಣಮಟ್ಟವನ್ನೂ ಒಮ್ಮೆ ನೋಡಬೇಕು. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 24 ಜನರಿಗೆ, ನೀವು ಚಿಕ್ಕವರಿದ್ದಾಗ ಅಂಗಡಿ ಮಳಿಗೆಯಲ್ಲಿ ತಪ್ಪಿಸಿಕೊಂಡಿದ್ದಿರಿ ಎಂಬ ಕಟ್ಟುಕತೆಯನ್ನು ಮನೆಯವರು ಹೇಳಿದ ನಿಜ ಘಟನೆಗಳ ಜೊತೆ ಸೇರಿಸಿ ಓದಲು ಕೊಡಲಾಯಿತು. ಸುಮಾರು ನಾಲ್ಕನೇ ಒಂದು ಭಾಗದಷ್ಟು ಜನ ನಡೆಯದೇ ಇದ್ದದ್ದನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ 'ನೆನಪಿಸಿಕೊಂಡರು'. ಹುಟ್ಟಿ ಬೆಳೆದ ಮನುಷ್ಯನ ತಲೆಯಲ್ಲೂ ಎರವಲು ಸರಕು ಸಾಕಷ್ಟಿದೆ.

ರೆಪ್ಲಿಕಂಟ್‌ಗಳಿಗೆ ಆಯಸ್ಸು ನಾಲ್ಕೇ ವರ್ಷ. ಅವರ ನಾಯಕ ರಾಯ್ ಬ್ಯಾಟಿ ತನ್ನನ್ನು ಸೃಷ್ಟಿಸಿದವನ ಮನೆಗೇ ನುಗ್ಗಿ ಇನ್ನಷ್ಟು ಆಯಸ್ಸು ಕೇಳುತ್ತಾನೆ, ಸಿಗದಾಗ ಅವನನ್ನು ಕೊಲ್ಲುತ್ತಾನೆ. ಆದರೆ ತನ್ನನ್ನು ಕೊಲ್ಲಲು ಬಂದ ಪೊಲೀಸ್ ಕಟ್ಟಡದ ತುದಿಯಿಂದ ಜಾರಿ ಬೀಳುವಾಗ ಕೈ ಹಿಡಿದು ಮೇಲೆತ್ತುತ್ತಾನೆ. ಮಳೆಯಲ್ಲಿ ಕೂತು, ತಾನು ಕಂಡದ್ದೆಲ್ಲ ತನ್ನ ಜೊತೆಗೇ ಅಳಿದುಹೋಗುತ್ತದೆ ಎನ್ನುತ್ತಾ ಸಾಯುತ್ತಾನೆ. ಆ ಪುಟ್ಟ ಭಾಷಣವನ್ನು ನಟ ರುಟ್ಗರ್ ಹೌವರ್ ತಾವೇ ಕತ್ತರಿಸಿ ತಿದ್ದಿದ್ದರು. ಡಿಕ್ ದೃಷ್ಟಿಯಲ್ಲಿ ರೆಪ್ಲಿಕಂಟ್ ಎಂದರೆ ಕರುಣೆ ಬತ್ತಿದ ಮನುಷ್ಯ. ಸ್ಕಾಟ್ ದೃಷ್ಟಿಯಲ್ಲಿ ಮನುಷ್ಯನನ್ನೇ ಮೀರಿಸಿದ ಜೀವಿ. ಚಿತ್ರ ಗೆದ್ದಿರುವುದು ಈ ಒಪ್ಪಂದವಿಲ್ಲದ ಜಾಗದಲ್ಲಿ: ಪರೀಕ್ಷೆ ಮಾಡಲು ಬಂದವನ ಕರುಣೆ ಎಲ್ಲಿದೆ ಎಂದು ಯಾರೂ ಅಳೆದಿರಲಿಲ್ಲ. ಡಿಕ್ 1982ರ ಮಾರ್ಚಿನಲ್ಲಿ ತೀರಿಕೊಂಡರು, ಚಿತ್ರ ಜೂನ್ 25ರಂದು ಬಂತು. ಎರಡು ವಾರ ಮೊದಲೇ ಬಂದಿದ್ದ ಸ್ಪೀಲ್‌ಬರ್ಗ್ ಅವರ 'ಇ.ಟಿ.' ಮುಂದೆ ಈ ಮಳೆಗತ್ತಲಿನ ಚಿತ್ರಕ್ಕೆ ಗಿರಾಕಿಗಳೇ ಕಡಿಮೆ.

ಇನ್ನೊಂದು ಪರೀಕ್ಷೆಯೂ ಇದೆ. ಗಣಿತಜ್ಞ ಅಲನ್ ಟ್ಯೂರಿಂಗ್ 1950ರ ಲೇಖನದಲ್ಲಿ ಯಂತ್ರಕ್ಕೆ ಯೋಚನೆ ಸಾಧ್ಯವೇ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಮಾತಿನಲ್ಲಿ ಅದು ಮನುಷ್ಯನೆಂದು ನಂಬಿಸಬಲ್ಲದೇ ಎಂದು ಕೇಳಿದ್ದರು. ಆ ಬೇಲಿಯನ್ನು ಇಂದಿನ ಚಾಟ್‌ಬಾಟ್‌ಗಳು ದಿನವೂ ಹಾರುತ್ತಿವೆ. ಸ್ಪೈಕ್ ಜೋನ್ಸ್ ಅವರ 'ಹರ್' (2013) ಅದಕ್ಕೂ ಮುಂದಿನ ಪೇಚನ್ನು ಹಿಡಿದಿತ್ತು. ನಾಯಕ ಥಿಯೊಡೋರ್‌ಗೆ ಊರವರ ಪರವಾಗಿ ಪ್ರೇಮಪತ್ರ, ಕೃತಜ್ಞತಾ ಪತ್ರ ಬರೆದುಕೊಡುವ ನೌಕರಿ. ಭಾವನೆಗಳನ್ನು ಸಂಬಳಕ್ಕೆ ತಯಾರಿಸುವ ಈತ, ಭಾವನೆಗಳಿರುವಂತೆ ಮಾತಾಡುವ ಸಾಫ್ಟ್‌ವೇರ್‌ಗೆ ಮನಸೋಲುತ್ತಾನೆ. ಒಂದು ದಿನ ಅನುಮಾನ ಬಂದು ಕೇಳಿದರೆ, ಅದೇ ಹೊತ್ತಿನಲ್ಲಿ ತಾನು 8,316 ಜನರ ಜೊತೆ ಮಾತಾಡುತ್ತಿದ್ದೇನೆ, ಅವರಲ್ಲಿ 641 ಮಂದಿಯನ್ನು ಪ್ರೀತಿಸುತ್ತಿದ್ದೇನೆ ಎನ್ನುತ್ತದೆ ಅದು. ಸುಳ್ಳು ಹೇಳುತ್ತಿಲ್ಲ. ಪ್ರೀತಿ ಎಂದರೆ ಒಬ್ಬರಿಗೇ ಮೀಸಲು ಎಂಬ ಮನುಷ್ಯರ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ, ಅಷ್ಟೆ.

ಹಾಲಿವುಡ್‌ನಿಂದ ದೂರ, ಸೋವಿಯತ್ ರಷ್ಯಾದಲ್ಲಿ ಆಂದ್ರೇ ತಾರ್ಕೋವ್‌ಸ್ಕಿ ಯಂತ್ರದ ಗೊಡವೆಗೇ ಹೋಗಲಿಲ್ಲ. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಬರೆದ ಕಾದಂಬರಿಯನ್ನು ಆಧರಿಸಿದ 'ಸೋಲಾರಿಸ್' (1972) ಚಿತ್ರದಲ್ಲಿ ಒಂದು ಗ್ರಹದ ಸಮುದ್ರವೇ ಯೋಚಿಸುವ ಜೀವಿ. ಅದನ್ನು ಅಧ್ಯಯನ ಮಾಡಲು ಹೋದ ವಿಜ್ಞಾನಿಗೆ ಅದು ಕೊಡುವ ಉತ್ತರ, ಆತ್ಮಹತ್ಯೆ ಮಾಡಿಕೊಂಡಿದ್ದ ಅವನ ಹೆಂಡತಿಯ ಪ್ರತಿರೂಪ. ನಕ್ಷತ್ರಗಳನ್ನು ಹುಡುಕಿ ಹೊರಟವನು ಮನೆಯಲ್ಲಿ ಮಾಡಿದ ತಪ್ಪಿನ ಎದುರು ನಿಲ್ಲುತ್ತಾನೆ. ಲೆಮ್‌ಗೆ ಇದು ಹಿಡಿಸಲಿಲ್ಲ. ಮನುಷ್ಯನ ಅಳವಿಗೆ ಸಿಗದ ಅನ್ಯಜೀವಿಯ ಬಗ್ಗೆ ತಾನು ಬರೆದರೆ, ತಾರ್ಕೋವ್‌ಸ್ಕಿ ದಾಸ್ತೋಯೆವ್‌ಸ್ಕಿಯ ಪಾಪಪ್ರಜ್ಞೆಯ ಕಥೆ ಮಾಡಿಬಿಟ್ಟರೆಂಬುದು ಅವರ ತಕರಾರು. ಇಬ್ಬರ ಜಗಳದಲ್ಲೂ ತೂಕವಿದೆ.

ತಾರ್ಕೋವ್‌ಸ್ಕಿಯ ಇನ್ನೊಂದು ಚಿತ್ರ 'ಸ್ಟಾಕರ್' (1979) ಇನ್ನೂ ಆಳಕ್ಕಿಳಿಯುತ್ತದೆ. ಬಹುಪಾಲು ಎಸ್ಟೋನಿಯಾದಲ್ಲಿ, ಪಾಳುಬಿದ್ದ ವಿದ್ಯುತ್ ಸ್ಥಾವರದ ಆಸುಪಾಸಿನಲ್ಲಿ ಚಿತ್ರೀಕರಣ. ಅದರಲ್ಲಿ ರಾಕೆಟ್ ಇಲ್ಲ, ರೋಬೋಟ್ ಇಲ್ಲ, ಅನ್ಯಗ್ರಹದವರು ಬಂದು ಹೋಗಿರಬಹುದೆಂಬ ಮಾತಿದೆ ಅಷ್ಟೆ. ಅವರು ಬಿಟ್ಟುಹೋದ ನಿಷೇಧಿತ ವಲಯದ ನಡುವೆ ಒಂದು ಕೋಣೆ. ಒಳಹೊಕ್ಕವರ ಆಳದ ಆಸೆ ಈಡೇರುತ್ತದೆ. ಬಾಯಲ್ಲಿ ಕೇಳಿದ್ದಲ್ಲ, ಒಳಗಿರುವುದು. ಒಬ್ಬ ಬರಹಗಾರ, ಒಬ್ಬ ಪ್ರೊಫೆಸರ್, ದಾರಿ ತೋರಿಸುವ ಒಬ್ಬ ಮಾರ್ಗದರ್ಶಿ ಅಲ್ಲಿಗೆ ಹೊರಡುತ್ತಾರೆ. ಮಾರ್ಗದರ್ಶಿಯ ಗುರುವಾಗಿದ್ದವನೊಬ್ಬ ಹಿಂದೆ ತನ್ನಿಂದಾಗಿ ಸತ್ತ ತಮ್ಮನನ್ನು ಮರಳಿ ಕೊಡೆಂದು ಬೇಡಲು ಕೋಣೆಗೆ ಹೋಗಿದ್ದನಂತೆ. ಮನೆಗೆ ಬಂದಾಗ ಸಿಕ್ಕಿದ್ದು ರಾಶಿ ಹಣ. ತನ್ನ ಆಳದಲ್ಲಿದ್ದದ್ದು ತಮ್ಮನಲ್ಲ, ದುಡ್ಡು ಎಂದು ಗೊತ್ತಾದ ಮೇಲೆ ಆತ ನೇಣು ಹಾಕಿಕೊಂಡ.

ಈ ಕಥೆ ಕೇಳಿದ ಮೇಲೆ ಮೂವರೂ ಹೊಸ್ತಿಲಲ್ಲಿ ಕೂರುತ್ತಾರೆ. ಯಾರೂ ಒಳಗೆ ಕಾಲಿಡುವುದಿಲ್ಲ. ಪ್ರೊಫೆಸರ್ ಚೀಲದಲ್ಲಿ ಬಾಂಬ್ ತಂದಿದ್ದಾನೆ, ಕೆಟ್ಟವರ ಆಸೆ ಈಡೇರಿಬಿಟ್ಟರೆ ಲೋಕದ ಗತಿಯೇನು ಎಂಬ ಕಾಳಜಿಯಿಂದ. ಕೊನೆಗೆ ಅದನ್ನೂ ಬಿಚ್ಚಿ ನೀರಿಗೆಸೆಯುತ್ತಾನೆ. ವಿಜ್ಞಾನ ಎಲ್ಲ ಆಸೆಗಳನ್ನೂ ಈಡೇರಿಸುವ ದಿನ ಬಂದರೆ ಮನುಕುಲ ಸುಖವಾಗಿರುತ್ತದೆ ಎಂಬ ಭರವಸೆಯ ಬುಡವನ್ನೇ ಈ ದೃಶ್ಯ ಅಲುಗಿಸುತ್ತದೆ. ಕೊಡುವವರಿಗಿಂತ ಮೊದಲು ಬೇಡುವವರಿಗೆ ತಮಗೇನು ಬೇಕೆಂದು ಗೊತ್ತಿರಬೇಕಲ್ಲ! ವೈಜ್ಞಾನಿಕ ಚಿತ್ರಗಳಲ್ಲಿ ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ದೊಡ್ಡ ಹೆದರಿಕೆ ಹುಟ್ಟಿಸಿದ್ದು ಇನ್ನೊಂದಿಲ್ಲ.

ಆಸೆಯ ಮಾತು ಬಂದಾಗ 'ದಿ ಮ್ಯಾಟ್ರಿಕ್ಸ್' (1999) ಬಿಡುವ ಹಾಗಿಲ್ಲ, ಅದರ ಹಾರಾಟ ಗುದ್ದಾಟಗಳನ್ನು ಬಿಡಬಹುದು. ಜನ ಕಾಣುತ್ತಿರುವ ಜಗತ್ತೆಲ್ಲ ಕಂಪ್ಯೂಟರ್ ಅವರ ಮಿದುಳಿಗೆ ಉಣಿಸುತ್ತಿರುವ ಕನಸು. ಅದರಿಂದ ಬಿಡಿಸಿಕೊಂಡು ಹೊರಬಂದ ಸೈಫರ್ ಎಂಬಾತ ಹೊರಗಿನ ಗಂಜಿಯೂಟಕ್ಕೆ ಬೇಸತ್ತು, ಕನಸಿನ ಹೋಟೆಲಿನಲ್ಲಿ ಸುಳ್ಳು ಮಾಂಸದ ತುಂಡು ಸವಿಯುತ್ತಾ, ತನ್ನನ್ನು ಮತ್ತೆ ಒಳಗೇ ಸೇರಿಸಿಕೊಳ್ಳಿ ಎಂದು ವೈರಿಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಝಿಕ್ 1974ರಲ್ಲೇ ಇಂಥ ಅನುಭವ ಯಂತ್ರವೊಂದನ್ನು ಊಹಿಸಿ, ಬಯಸಿದ ಸುಖವೆಲ್ಲ ಅದರೊಳಗೆ ಸಿಗುವುದಾದರೂ ಜೀವನಪೂರ್ತಿ ಅದಕ್ಕೆ ಜೋಡಿಸಿಕೊಳ್ಳಲು ಜನ ಒಪ್ಪಲಾರರು ಎಂದು ವಾದಿಸಿದ್ದರು. ಅನುಭವ ಮಾತ್ರ ಸಾಲದು, ನಿಜವಾಗಿ ಏನನ್ನಾದರೂ ಮಾಡಿರಬೇಕು ಎಂಬ ಹಂಬಲ ಮನುಷ್ಯನಿಗಿದೆ ಎಂದು.

ಇದೇ ಪ್ರಶ್ನೆ ಬೆಂಗಳೂರಿನ ಹಳೆಯ ಚಿತ್ರಮಂದಿರವೊಂದಕ್ಕೂ ಬಂದಿದೆ. ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ' (2013) ಚಿತ್ರದ ನಿಕ್ಕಿ, ಕತ್ತಲಲ್ಲಿ ಟಾರ್ಚ್ ಹಿಡಿದು ಪ್ರೇಕ್ಷಕರಿಗೆ ಸೀಟು ತೋರಿಸುವವ. ರಾತ್ರಿ ನಿದ್ದೆಯಿಲ್ಲ. ಲೂಸಿಯಾ ಎಂಬ ಮಾತ್ರೆ ನುಂಗಿದರೆ ನಿದ್ದೆಯಷ್ಟೇ ಅಲ್ಲ, ಕನಸೂ ಬರುತ್ತದೆ. ನಿನ್ನೆ ನಿಂತಲ್ಲಿಂದ ಇವತ್ತು ಮುಂದುವರಿಯುವ ಕನಸು. ಅದರಲ್ಲಿ ಆತ ದೊಡ್ಡ ಸಿನಿಮಾ ನಟ. ನೀನಾಸಂ ಸತೀಶ್ ಎರಡೂ ಬದುಕುಗಳನ್ನು ಬದುಕಿದ್ದಾರೆ, ಒಂದನ್ನು ಬಣ್ಣದಲ್ಲಿ, ಇನ್ನೊಂದನ್ನು ಕಪ್ಪು ಬಿಳುಪಿನಲ್ಲಿ. ಯಾವುದು ಕನಸು, ಯಾವುದು ಎಚ್ಚರ ಎಂಬುದನ್ನು ನೋಡದವರಿಗೆ ಹೇಳಿದರೆ ಅನ್ಯಾಯವಾದೀತು. ನೋಝಿಕ್ ಊಹಿಸದೇ ಇದ್ದ ಒಂದು ತಿರುವು ಇದರಲ್ಲಿದೆ ಎನ್ನಬಹುದು: ಸುಖವಿಲ್ಲದವನು ಸುಖದ ಕನಸು ಕಾಣುತ್ತಾನೆ ಎನ್ನುವುದು ಅರ್ಧ ಸತ್ಯ ಮಾತ್ರ.

'ಗಟಾಕಾ' (1997) ಇವೆಲ್ಲಕ್ಕಿಂತ ನೆಲಕ್ಕೆ ಹತ್ತಿರ. ಡಾಲಿ ಎಂಬ ತದ್ರೂಪಿ ಕುರಿಯ ಸುದ್ದಿ ಹೊರಬಿದ್ದ ವರ್ಷವೇ ಬಂದ ಆಂಡ್ರೂ ನಿಕೊಲ್ ಅವರ ಈ ಚಿತ್ರದಲ್ಲಿ ಮಕ್ಕಳನ್ನು ಪ್ರಯೋಗಾಲಯದಲ್ಲಿ ಆರಿಸಿ ಪಡೆಯುತ್ತಾರೆ. ಹಾಗೇ ಸಹಜವಾಗಿ ಹುಟ್ಟಿದವರಿಗೆ ಕಸ ಗುಡಿಸುವ ಕೆಲಸ. ಎರಡನೇ ಮಗುವಿಗಾಗಿ ಬಂದ ದಂಪತಿಗೆ ವೈದ್ಯ ಪಟ್ಟಿ ಓದಿ ಹೇಳುತ್ತಾನೆ: ಇಂಥ ಕಣ್ಣು, ಇಂಥ ಕೂದಲು, ಬಿಳಿ ಚರ್ಮ. ಓದುತ್ತಿರುವ ವೈದ್ಯ ಕಪ್ಪು ವರ್ಣೀಯ. 'ವಧು ಬೇಕಾಗಿದ್ದಾಳೆ' ಕಾಲಮ್ಮುಗಳನ್ನು ಓದಿ ಬೆಳೆದವರಿಗೆ ಆ ಪಟ್ಟಿ ಹೊಸದೆನಿಸದು. ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ, ಎಚ್‌ಐವಿ ತಗಲದಂತೆ ವಂಶವಾಹಿ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು 2018ರ ನವೆಂಬರಿನಲ್ಲಿ ಪ್ರಕಟಿಸಿ, ಮರುವರ್ಷ ಮೂರು ವರ್ಷದ ಜೈಲುಶಿಕ್ಷೆಗೆ ಗುರಿಯಾದರು. ಅಷ್ಟು ದೂರವೂ ಹೋಗಬೇಕಿಲ್ಲ. ಭಾರತದಲ್ಲಿ ಭ್ರೂಣದ ಲಿಂಗ ಪತ್ತೆಗೆ ನಿಷೇಧ ಹಾಕುವ ಕಾನೂನು ಬಂದದ್ದು 1994ರಲ್ಲಿ, 'ಗಟಾಕಾ'ಗಿಂತ ಮೂರು ವರ್ಷ ಮೊದಲು. ಇಂಥ ಮಗು ಬೇಕು, ಇಂಥದ್ದು ಬೇಡ ಎನ್ನುವ ಆಯ್ಕೆ ಈ ದೇಶದ ಸ್ಕ್ಯಾನಿಂಗ್ ಕೇಂದ್ರಗಳಿಗೆ ಭವಿಷ್ಯದ ಕಥೆ ಆಗಿರಲೇ ಇಲ್ಲ.

ಮಕ್ಕಳೇ ಹುಟ್ಟದಿದ್ದರೆ? ಪಿ. ಡಿ. ಜೇಮ್ಸ್ ಅವರ 1992ರ ಕಾದಂಬರಿಯಿಂದ ಅಲ್ಫಾನ್ಸೊ ಕ್ವಾರೊನ್ ಮಾಡಿದ 'ಚಿಲ್ಡ್ರನ್ ಆಫ್ ಮೆನ್' (2006) ಶುರುವಾಗುವುದು 2027ರ ಲಂಡನ್ನಿನ ಒಂದು ಕಾಫಿ ಅಂಗಡಿಯಲ್ಲಿ. ಟಿವಿಯಲ್ಲಿ ಸುದ್ದಿ: ಜಗತ್ತಿನ ಅತ್ಯಂತ ಕಿರಿಯ ವ್ಯಕ್ತಿ ಕೊಲೆಯಾಗಿದ್ದಾನೆ, ವಯಸ್ಸು ಹದಿನೆಂಟು. ಅವನ ನಂತರ ಭೂಮಿಯ ಮೇಲೆ ಒಂದು ಮಗುವೂ ಹುಟ್ಟಿಲ್ಲ. ಇಲ್ಲಿ ಉಲ್ಕೆ ಬಿದ್ದಿಲ್ಲ, ಅಣುಯುದ್ಧದಿಂದ ಮನುಕುಲ ಅಳಿದಿಲ್ಲ. ಬದುಕಿರುವವರು ತಮ್ಮ ಆಯಸ್ಸು ಮುಗಿಸಿಯೇ ಹೋಗಬಹುದು. ಆದರೂ ಊರೆಲ್ಲ ಕಸ, ಶಾಲೆಗಳು ಖಾಲಿ, ವಲಸೆ ಬಂದವರು ಪಂಜರಗಳಲ್ಲಿ, ನೋವಿಲ್ಲದೆ ಸಾಯಲು ಸರ್ಕಾರವೇ ಹಂಚುವ ಪೊಟ್ಟಣ.

ನಾಯಕ ಥಿಯೊ ಒಮ್ಮೆ ತನ್ನ ದೊಡ್ಡ ಹುದ್ದೆಯ ಸೋದರಸಂಬಂಧಿಯನ್ನು ನೋಡಲು ಹೋಗುತ್ತಾನೆ. ಆತ ಜಗತ್ತಿನ ಕಲಾಕೃತಿಗಳನ್ನು ಕಾಪಾಡುವ ಕೆಲಸದಲ್ಲಿದ್ದಾನೆ. ಮೈಕೆಲೇಂಜೆಲೊನ ಡೇವಿಡ್ ಕಾಲು ಮುರಿದುಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಪಿಕಾಸೊನ 'ಗೆರ್ನಿಕಾ' ಊಟದ ಮೇಜಿನ ಹಿಂದಿನ ಗೋಡೆಯಲ್ಲಿದೆ. ನೂರು ವರ್ಷದ ನಂತರ ಇದನ್ನು ನೋಡಲು ಯಾರೂ ಇರುವುದಿಲ್ಲವಲ್ಲ, ಮತ್ತೇಕೆ ಈ ಪಾಡು ಎಂದು ಥಿಯೊ ಕೇಳಿದರೆ, ಅದರ ಬಗ್ಗೆ ಯೋಚಿಸುವುದೇ ಇಲ್ಲ ಎನ್ನುತ್ತಾನೆ ಅವನು. ಆ ಉತ್ತರ ಕೇಳಿ ನಗು ಬರುತ್ತದೆ, ಬೆನ್ನು ತಣ್ಣಗೂ ಆಗುತ್ತದೆ.

ತತ್ವಜ್ಞಾನಿ ಸ್ಯಾಮ್ಯುಯೆಲ್ ಶೆಫ್ಲರ್ 2013ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನೇ ಹಿಡಿದು ಕೂತರು. ಮನುಷ್ಯ ಸ್ವಾರ್ಥಿ, ತನ್ನ ಸಾವಿನ ನಂತರದ ಲೋಕದ ಬಗ್ಗೆ ಅವನಿಗೆ ಅಷ್ಟಕ್ಕಷ್ಟೆ ಎನ್ನುವುದು ಸಾಮಾನ್ಯ ನಂಬಿಕೆ. ಹಾಗಿದ್ದರೆ ಮುಂದೆ ಯಾರೂ ಹುಟ್ಟುವುದಿಲ್ಲವೆಂಬ ಸುದ್ದಿ ಇಂದಿನವರ ಬದುಕನ್ನು ಕದಲಿಸಬಾರದು; ಅವರ ಕೂದಲೂ ಕೊಂಕಿಲ್ಲವಲ್ಲ. ಆದರೆ ಹಾಗಾಗುವುದಿಲ್ಲ ಎನ್ನುತ್ತಾರೆ ಶೆಫ್ಲರ್. ಕ್ಯಾನ್ಸರ್‌ಗೆ ಔಷಧ ಹುಡುಕುವ ಸಂಶೋಧಕ, ಸೇತುವೆ ಕಟ್ಟುವ ಎಂಜಿನಿಯರ್, ಕಾದಂಬರಿ ಬರೆಯುವವರು ಇವರೆಲ್ಲರ ಕೈಕೆಲಸಕ್ಕೆ ಇರುವ ಅರ್ಥ, ಎಂದೂ ಮುಖ ನೋಡದ ಮುಂದಿನವರು ಇರುತ್ತಾರೆಂಬ ಸದ್ದಿಲ್ಲದ ನಂಬಿಕೆಯ ಮೇಲೆ ನಿಂತಿದೆ. ತಾನು ಸಾಯುತ್ತೇನೆ ಎಂಬ ತಿಳಿವಳಿಕೆಯನ್ನು ಹೊತ್ತು ಜನ ಕೆಲಸಕ್ಕೆ ಹೋಗುತ್ತಾರೆ. ಎಲ್ಲರ ಹಿಂದೆ ಯಾರೂ ಇಲ್ಲ ಎಂಬ ತಿಳಿವಳಿಕೆಯನ್ನು ಹೊತ್ತು ಹೋಗಲಾರರು.

ಚಿತ್ರದ ಕೊನೆಯ ಭಾಗದಲ್ಲಿ ಗುಂಡಿನ ಕಾಳಗದ ನಡುವೆ ಹದಿನೆಂಟು ವರ್ಷದಲ್ಲೇ ಮೊದಲ ಮಗುವೊಂದು ಅಳುತ್ತದೆ. ಸೈನಿಕರು ಬಂದೂಕು ಇಳಿಸಿ ದಾರಿ ಬಿಡುತ್ತಾರೆ, ಕೆಲವರು ಮೊಣಕಾಲೂರುತ್ತಾರೆ. ತಾಯಿ ಮಗು ಅತ್ತ ಸರಿದದ್ದೇ ತಡ, ಗುಂಡು ಮತ್ತೆ ಹಾರತೊಡಗುತ್ತದೆ. ಕಣ್ಣೀರು ಹಾಕಿಸುವ ದೃಶ್ಯಕ್ಕೆ ಕ್ವಾರೊನ್ ಆ ಕೊನೆಯ ಸದ್ದನ್ನು ಸೇರಿಸಿದ್ದರಿಂದಲೇ ಚಿತ್ರ ಉಪದೇಶವಾಗದೆ ಉಳಿದಿದೆ.

ಇಂಥ ಚಿತ್ರ ಕನ್ನಡದಲ್ಲಿ ಏಕೆ ಅಪರೂಪ ಎಂದು ಕೇಳಿದರೆ ಗಾಂಧಿನಗರದಲ್ಲಿ ಸಿದ್ಧ ಉತ್ತರವಿದೆ: ಗ್ರಾಫಿಕ್ಸ್‌ಗೆ ದುಡ್ಡಿಲ್ಲ. ದುಡ್ಡಿನ ಕಷ್ಟ ನಿಜ. ಬಂಗಾಳದ ಹಳ್ಳಿಯ ಕೊಳಕ್ಕೆ ಅನ್ಯಗ್ರಹದ ನೌಕೆ ಬಂದಿಳಿಯುವ ಚಿತ್ರಕಥೆಯನ್ನು 1967ರಲ್ಲಿ ಬರೆದು ಹಾಲಿವುಡ್ ಕಂಪನಿಯ ಬೆಂಬಲಕ್ಕೆ ಓಡಾಡಿದ ಸತ್ಯಜಿತ್ ರೇ ಅವರಿಗೂ ಅದನ್ನು ತೆರೆಗೆ ತರಲಾಗಲಿಲ್ಲ. ಆದರೆ 'ಸ್ಟಾಕರ್'ನಲ್ಲಿರುವುದು ಹುಲ್ಲು, ನೀರು, ಮೂವರು ಗಂಡಸರು. ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 28 ನಿಮಿಷದ 'ಲಾ ಜೆತೆ' ಬಹುತೇಕ ಪೂರ್ತಿ ಸ್ಥಿರಚಿತ್ರಗಳ ಜೋಡಣೆ; ಕಾಲಯಾನದ ಬಗ್ಗೆ ಅದಕ್ಕಿಂತ ತೀಕ್ಷ್ಣವಾಗಿ ಯೋಚಿಸಿದ ಚಿತ್ರ ಕಡಿಮೆ. 'ಲೂಸಿಯಾ' ಕೂಡ ನಿರ್ಮಾಪಕರಿಗೆ ಕಾಯದೆ ಪ್ರೇಕ್ಷಕರಿಂದಲೇ ಚಂದಾ ಎತ್ತಿ ತಯಾರಾಗಿ, ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆಯಿತು. ಉಪೇಂದ್ರ 2002ರಷ್ಟು ಹಿಂದೆಯೇ 'ಹಾಲಿವುಡ್' ಚಿತ್ರದಲ್ಲಿ ರೋಬೋಟ್ ಆಗಿ ಬಂದಿದ್ದರು.

ಪ್ರಶ್ನೆಗಳಿಗಂತೂ ಇಲ್ಲಿ ಬರವಿಲ್ಲ. ಗಿರೀಶ ಕಾರ್ನಾಡರ 'ಹಯವದನ' ನಾಟಕದಲ್ಲಿ ಪದ್ಮಿನಿ ಕಾಳಿಯ ಗುಡಿಯಲ್ಲಿ ತನ್ನ ಗಂಡ ದೇವದತ್ತ ಮತ್ತು ಅವನ ಗೆಳೆಯ ಕಪಿಲ ಇವರ ಕಡಿದ ತಲೆಗಳನ್ನು ಅವಸರದಲ್ಲಿ ಅದಲುಬದಲು ಜೋಡಿಸುತ್ತಾಳೆ. ದೇವದತ್ತನ ತಲೆ ಕಪಿಲನ ಮೈಗೆ, ಕಪಿಲನ ತಲೆ ದೇವದತ್ತನ ಮೈಗೆ. ಗಂಡ ಯಾರು ಎಂಬ ವ್ಯಾಜ್ಯ ಋಷಿಯ ಹತ್ತಿರ ಹೋದರೆ, ತಲೆ ಇರುವವನೇ ಎಂದು ತೀರ್ಪಾಗುತ್ತದೆ. ಲಾಕ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರೇನೊ. ಆದರೆ ಕಾರ್ನಾಡರು ಅಲ್ಲಿಗೆ ಬಿಡುವುದಿಲ್ಲ. ಹೊಸ ಮೈಯೊಳಗೆ ಹಳೆಯ ಸ್ಪರ್ಶಗಳ ನೆನಪು ಉಳಿದು ಕಪಿಲನನ್ನು ಕಾಡುತ್ತದೆ. ಮಿದುಳನ್ನು ಮಾತ್ರ ಲೆಕ್ಕಕ್ಕೆ ಹಿಡಿದ ರೇಚಲ್‌ಳ ಕಥೆಯಲ್ಲಿ ಈ ಅಂಶ ಇಲ್ಲ. ಕಾಳಿಯ ಗುಡಿಯ ಜಾಗದಲ್ಲಿ ಆಪರೇಷನ್ ಥಿಯೇಟರ್, ಋಷಿಯ ಜಾಗದಲ್ಲಿ ಕೌಟುಂಬಿಕ ನ್ಯಾಯಾಲಯ ಇಟ್ಟು ಇದನ್ನೇ ಚಿತ್ರ ಮಾಡಹೊರಟವರಿಗೆ ಗ್ರಾಫಿಕ್ಸ್ ಖರ್ಚು ಹೆಚ್ಚೇನೂ ಬರಲಾರದು.